ಆಪತ್ತಿನಲ್ಲಿ ಗ್ರಂಥಗಳ ರಕ್ಷಣೆ

ಮನುಷ್ಯನು ಗಳಿಸಿದ ಅರಿವು ಅವನೊಡನೆಯೇ ಅಳಿದುಹೋಗದೆ ಮುಂದಿನ ತಲೆಮಾರಿಗೆ ಉಳಿದುಬಂದಿರುವುದು ಬಹುಮಟ್ಟಿಗೆ ಬರವಣಿಗೆಯಿಂದ. ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆಸಿದರು. ತಾಮ್ರದ ಹಲಗೆಗಳ ಮೇಲೆ ಕೊರೆಸಿದರು. ತಾಳೆಗರಿಯ ಮೇಲೆ ಕಂಟದಿಂದ ಗೀಚಿದರು. ಕಡೆಗೆ ಕಾಗದವನ್ನು ಕೈಗೆತ್ತಿಕೊಂಡರು. ಇವುಗಳಲ್ಲಿ ಕಲ್ಲು ಮತ್ತು ತಾಮ್ರಗಳು ಗಟ್ಟಿಯಾದವು. ಆದರೆ ಅವುಗಳ ಮೇಲೆ ಹೆಚ್ಚು ಬರೆಯಲಾಗದು. ಹೆಚ್ಚು ಬರೆಯಲು ಅನುಕೂಲವಾದ ಗರಿ ಮತ್ತು ಕಾಗದಗಳಾದರೋ ಬಹಳ ನಾಜೂಕಾದವು. ಬೆಂಕಿಯ ಒಂದು ಕಿಡಿ, ಒಂದು ಕೊಡ ನೀರು, ಒಂದು ಹಿಡಿ ಗೆದ್ದಲು ಅವುಗಳನ್ನು ನಾಶಮಾಡಬಲ್ಲವು. ಹೀಗೆ ಅತ್ಯಂತ ಬೆಲೆಯುಳ್ಳ ಸಂಪತ್ತನ್ನು ಅತ್ಯಂತ ದುರ್ಬಲವಾದ ಪಾತ್ರೆಯಲ್ಲಿಟ್ಟು ಕಾಪಾಡಬೇಕಾದ ಹೊಣೆ ಗ್ರಂಥಾಲಯಗಳ ಮೇಲಿದೆ.

ಒಂದು ಗ್ರಂಥ ಉಳಿದರೆ ಏನಾಗುತ್ತದೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವುಂಟು. ಅಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪನೆಯಾಯಿತು. ಅದರ ಸಂಗ್ರಹಕ್ಕೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಅಲ್ಲಿಯ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಹೆಸರು ಮಾತ್ರ ಉಳಿದು ಗ್ರಂಥವು ಕಳೆದೇಹೋಯಿತೆಂದು ಲೋಕವು ಭಾವಿಸಿದ್ದ ಆ ಕೃತಿಯು 1909ರಲ್ಲಿ ಅಚ್ಚಾಗಿ ಹೊರಬಂದಿತು. ಆ ಗರಿಗಳ ಕಟ್ಟು ಶಾಸ್ತ್ರಿಗಳ ಕೈ ಸೇರುವ ಮುನ್ನ ಯಾವುದೋ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಕೊಳೆತುಹೋಗಿದ್ದರೆ, ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತ ನಮ್ಮ ತಿಳಿವಳಿಕೆ ಎಷ್ಟು ಬಡವಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಗ್ರಂಥಗಳ ಶತ್ರುಗಳು ಎರಡು ಬಗೆಯವು. ದೂಳು, ಬಿಸಿಲು, ಹುಳು, ಇಲಿ, ಕಾಗದದೊಳಗಿನ ಆಮ್ಲ ಇವು ನಿಧಾನವಾಗಿ ಕೆಲಸ ಮಾಡುವ ಶತ್ರುಗಳು. ಇವುಗಳೊಡನೆ ಹೋರಾಡಲು ನಮಗೆ ವರ್ಷಗಳ ಕಾಲಾವಕಾಶವಿರುತ್ತದೆ. ಪ್ರವಾಹ, ಬಿರುಗಾಳಿ, ಬೆಂಕಿ, ಕಟ್ಟಡದ ಕುಸಿತ ಇವು ಹಠಾತ್ತಾಗಿ ಎರಗುವ ಶತ್ರುಗಳು. ಇವು ಕೊಡುವ ಅವಕಾಶ ಗಂಟೆಗಳ ಲೆಕ್ಕದ್ದು. ಆ ಕೆಲವು ಗಂಟೆಗಳಲ್ಲಿ ಏನು ಮಾಡಬೇಕೆಂದು ಮೊದಲೇ ತಿಳಿದಿದ್ದವನು ಬಹಳಷ್ಟನ್ನು ಉಳಿಸಬಲ್ಲನು. ತಿಳಿಯದವನು ಉತ್ಸಾಹದಿಂದಲೇ ಉಳಿದುದನ್ನೂ ಕೆಡಿಸಬಹುದು.

“ನಮ್ಮದು ಬಯಲುಸೀಮೆ, ಬಂಡೆಗಳ ನಾಡು, ಇಲ್ಲಿಗೆ ಪ್ರವಾಹವೆಲ್ಲಿಂದ ಬರಬೇಕು?” ಎಂದು ಕೇಳುವವರಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಳಗೊಂಡು 2007ರಲ್ಲಿ ರಚನೆಯಾದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಾಯಿತು. ಈ ಸೀಮೆಯು ಮಳೆಯ ಹೆಚ್ಚಳಕ್ಕಿಂತ ಮಳೆಯ ಕೊರತೆಗೇ ಹೆಚ್ಚು ಒಗ್ಗಿಕೊಂಡದ್ದು. ಆದರೆ ಇಲ್ಲಿನ ನೆಲದ ರಚನೆಯನ್ನು ಗಮನಿಸಬೇಕು. ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಯು ಮಾಗಡಿ ಸೀಮೆಯ ಮಂಚನಬೆಲೆ ಜಲಾಶಯವನ್ನು ದಾಟಿ, ರಾಮನಗರದ ಪಕ್ಕದಲ್ಲಿ ಸಾಗಿ, ಕನಕಪುರದ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಣ್ವ ನದಿಯು ಮಾಗಡಿಯ ಕಡೆಯಿಂದ ಚನ್ನಪಟ್ಟಣದ ಕಡೆಗೆ ಹರಿಯುತ್ತದೆ. ಇವುಗಳ ನಡುವೆ ಕೆರೆಗಳ ಸರಪಳಿಯೇ ಇದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹರಿಯುತ್ತದೆ. ಬಂಡೆಯ ಮೇಲೆ ಬಿದ್ದ ಮಳೆಯು ನೆಲದಲ್ಲಿ ಇಂಗದೆ ಒಮ್ಮೆಗೇ ತಗ್ಗಿಗೆ ನುಗ್ಗುತ್ತದೆ. ಹಳ್ಳಗಳ ದಾರಿಯಲ್ಲಿ ಮನೆ, ರಸ್ತೆಗಳು ಎದ್ದಾಗ ಆ ನೀರು ಬೇರೆ ದಾರಿಯನ್ನು ಹುಡುಕಿಕೊಳ್ಳುತ್ತದೆ.

2022ರ ಆಗಸ್ಟ್ ತಿಂಗಳ ಕೊನೆಯಲ್ಲಿ ನಡೆದುದು ಇದೇ. ಆಗಸ್ಟ್ 29ರ ಹೊತ್ತಿಗೆ ಎಡೆಬಿಡದ ಮಳೆಯಿಂದ ಕೆರೆಗಳು ಉಕ್ಕಿ, ರಾಮನಗರ ಮತ್ತು ಚನ್ನಪಟ್ಟಣಗಳ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯು ಅಲ್ಲಲ್ಲಿ ಹೊಳೆಯಂತಾಗಿ ವಾಹನಗಳು ಮುಳುಗಿದುವು. ಜನರು ರಾತ್ರೋರಾತ್ರಿ ಮನೆ ಬಿಡಬೇಕಾಯಿತು. ನೀರು ಇಳಿದ ಮೇಲೆ ಮನೆಗಳಿಂದ ಹೊರಗೆ ತಂದು ಹರಡಿದ ವಸ್ತುಗಳಲ್ಲಿ ದವಸಧಾನ್ಯ, ಹಾಸಿಗೆ ಬಟ್ಟೆಗಳು ಇರುವಂತೆ ಮಕ್ಕಳ ಪುಸ್ತಕಗಳು, ಜಮೀನಿನ ಪತ್ರಗಳು, ಪರೀಕ್ಷೆಯ ಪ್ರಮಾಣಪತ್ರಗಳೂ ಇರುವುದು ಇಂಥ ಆಪತ್ತುಗಳಲ್ಲಿ ಸಾಮಾನ್ಯ. ದವಸವನ್ನು ಮತ್ತೆ ಕೊಳ್ಳಬಹುದು. ಒಂದೇ ಪ್ರತಿಯಿರುವ ಬರಹವನ್ನು ಯಾವ ಅಂಗಡಿಯಿಂದ ಕೊಳ್ಳುವುದು?

ಗ್ರಂಥಾಲಯಕ್ಕೆ ನೀರು ಬರಲು ನದಿಯೇ ಉಕ್ಕಬೇಕೆಂದೇನೂ ಇಲ್ಲ. ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಒಣಗಿದ ಎಲೆ ಕಟ್ಟಿಕೊಂಡರೆ ಸಾಕು, ನೀರು ನಿಂತು ಮೇಲ್ಛಾವಣಿ ಸೋರುತ್ತದೆ. ಮೇಲಿನ ತೊಟ್ಟಿ ತುಂಬಿ ಹರಿಯುವುದು, ನಲ್ಲಿಯ ಕೊಳವೆ ಒಡೆಯುವುದು, ಮುಚ್ಚಲು ಮರೆತ ಕಿಟಕಿಯಿಂದ ಇರಚಲು ಹೊಡೆಯುವುದು ಇವೆಲ್ಲವೂ ಸಣ್ಣ ಪ್ರವಾಹಗಳೇ. ಬೇಸಗೆಯ ರಜೆಯಲ್ಲಿ ಬೀಗ ಹಾಕಿದ ಶಾಲೆಯ ಗ್ರಂಥಾಲಯದಲ್ಲಿ ಇಂಥದೊಂದು ಸೋರಿಕೆಯಾದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಕಪಾಟಿನ ತುಂಬ ಬೂಷ್ಟು ಬೆಳೆದಿರುತ್ತದೆ.

ನೀರು ತಗುಲಿದಾಗ ಕಾಗದಕ್ಕೆ ಏನಾಗುತ್ತದೆ? ಕಾಗದವೆಂದರೆ ಸಸ್ಯದ ನಾರುಗಳ ತೆಳುವಾದ ಹೆಣಿಗೆ. ಒಣಗಿದ ನಾರು ನೀರನ್ನು ಹೀರಿ ಉಬ್ಬುತ್ತದೆ. ಇಂದಿನ ಕಾಗದವು ತನ್ನ ತೂಕದ ನೂರಕ್ಕೆ 60 ಭಾಗದವರೆಗೂ, 19ನೆಯ ಶತಮಾನದ ನಡುಗಾಲಕ್ಕೆ ಮೊದಲು ಚಿಂದಿಬಟ್ಟೆಯ ನಾರಿನಿಂದ ತಯಾರಾದ ಹಳೆಯ ಕಾಗದವು ನೂರಕ್ಕೆ 80 ಭಾಗದವರೆಗೂ ನೀರನ್ನು ಹೀರಬಲ್ಲದೆಂದು ತಜ್ಞರು ಅಂದಾಜು ಮಾಡಿದ್ದಾರೆ. ಒತ್ತೊತ್ತಾಗಿ ಜೋಡಿಸಿದ ಪುಸ್ತಕಗಳು ಹೀಗೆ ಉಬ್ಬಿದಾಗ ಒಂದನ್ನೊಂದು ತಳ್ಳಿ ಕಪಾಟನ್ನೇ ಬಗ್ಗಿಸಿಬಿಡುವುದುಂಟು. ಹೊಲಿಗೆ ಬಿಚ್ಚಿ, ರಟ್ಟು ಕಳಚಿ ಕೆಳಗೆ ಉರುಳುವುದುಂಟು. ನುಣುಪಾದ ಬಿಳಿಯ ಲೇಪವಿರುವ ಆರ್ಟ್ ಕಾಗದದ ಪಾಡು ಇನ್ನೂ ಕಷ್ಟ. ಆ ಲೇಪವು ನೆನೆದು ಅಂಟಾಗಿ, ಒಣಗುತ್ತ ಬಂದಂತೆ ಹಾಳೆಗಳೆಲ್ಲ ಬೆಸೆದುಕೊಂಡು ಇಟ್ಟಿಗೆಯಂತಾಗುತ್ತವೆ. ಅಂಥ ಪುಸ್ತಕವನ್ನು ಆಮೇಲೆ ಯಾರೂ ಬಿಡಿಸಲಾರರು.

ಇದಕ್ಕಿಂತಲೂ ಭಯಂಕರವಾದುದು ಬೂಷ್ಟು. ಅದರ ಕಣ್ಣಿಗೆ ಕಾಣದ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲೂ ತೇಲುತ್ತಿರುತ್ತವೆ. ತೇವ, ಸೆಕೆ, ಚಲನೆಯಿಲ್ಲದ ಗಾಳಿ ಈ ಮೂರೂ ಕೂಡಿದರೆ ನೆನೆದ ಪುಸ್ತಕದ ಮೇಲೆ 48 ಗಂಟೆಗಳಿಂದ 72 ಗಂಟೆಗಳೊಳಗೆ ಅದು ಮೊಳೆಯತೊಡಗುತ್ತದೆ. ರೇಷ್ಮೆಯ ಬೆಳೆಗಾರರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಡ ಮುಸುಕಿದ ತಂಪು ದಿನಗಳಲ್ಲಿ ಸಾಕಣೆ ಮನೆಯ ಗಾಳಿ ಬೆಳಕು ಸರಿಯಿಲ್ಲದಿದ್ದರೆ ಹುಳುಗಳಿಗೆ ಸುಣ್ಣಕಟ್ಟು ರೋಗ ತಗಲುತ್ತದೆ. ಆ ರೋಗವನ್ನು ತರುವುದೂ ಒಂದು ಬಗೆಯ ಶಿಲೀಂಧ್ರವೇ. ಬಂದ ಮೇಲೆ ವಾಸಿಮಾಡುವುದಕ್ಕಿಂತ ಬಾರದಂತೆ ತೇವವನ್ನು ಹತೋಟಿಯಲ್ಲಿಡುವುದೇ ಸುಲಭವೆಂಬುದು ಬೆಳೆಗಾರರ ಅನುಭವ. ಗ್ರಂಥಪಾಲನ ಅನುಭವವೂ ಅದೇ.

ನೆನೆದ ಗ್ರಂಥಗಳನ್ನು ಉಳಿಸುವ ವಿದ್ಯೆಯನ್ನು ಲೋಕವು ಒಂದು ದೊಡ್ಡ ಆಪತ್ತಿನಿಂದ ಕಲಿಯಿತು. 1966ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಜಾರಿಗೆ ಬಂದಿತು. ಅದಾದ ಮೂರೇ ದಿನಗಳಿಗೆ, ನವೆಂಬರ್ 4ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿಯು ದಡ ಮೀರಿ ಹರಿಯಿತು. ನದಿಯ ದಂಡೆಯಲ್ಲಿಯೇ ಇದ್ದ ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯೂ ಕೆಳ ಅಂತಸ್ತೂ ಕೆಸರುನೀರಿನಲ್ಲಿ ಮುಳುಗಿ, ಹತ್ತು ಲಕ್ಷಕ್ಕೂ ಮಿಕ್ಕ ಗ್ರಂಥಗಳು, ಪತ್ರಿಕೆಗಳು ಹಾಳಾದುವು. ಕೆಸರಿನೊಡನೆ ಮನೆಗಳ ಉರುವಲು ಎಣ್ಣೆಯೂ ಬೆರೆತಿತ್ತು. ಆಗ ದೇಶವಿದೇಶಗಳಿಂದ ತರುಣ ತರುಣಿಯರು ಬಂದು, ಸಾಲಾಗಿ ನಿಂತು, ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿ ಹೊರತಂದರು. ಅವರನ್ನು ಜನರು “ಕೆಸರಿನ ದೇವದೂತರು” ಎಂದು ಕರೆದರು. ಅಷ್ಟೊಂದು ಪುಸ್ತಕಗಳನ್ನು ಒಣಗಿಸುವ ಸ್ಥಳವೆಲ್ಲಿ? ಹೊಗೆಸೊಪ್ಪನ್ನು ಒಣಗಿಸುವ ಗೂಡುಗಳನ್ನು ಕೂಡ ಅದಕ್ಕಾಗಿ ಬಳಸಿಕೊಳ್ಳಲಾಯಿತು. ಅಲ್ಲಿಗೆ ಹೋಗಿ ದುಡಿದ ಇಂಗ್ಲೆಂಡಿನ ಪೀಟರ್ ವಾಟರ್ಸ್ ಎಂಬ ರಟ್ಟುಕಟ್ಟುವ ಕುಶಲಿ ಮುಂದೆ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಸಂರಕ್ಷಣೆಯ ಹೊಣೆ ಹೊತ್ತು, ನೀರಿನಿಂದ ಕೆಟ್ಟ ಗ್ರಂಥಗಳನ್ನು ಉಳಿಸುವ ಕ್ರಮಗಳನ್ನು ಕುರಿತ ಕೈಪಿಡಿಯೊಂದನ್ನು 1975ರಲ್ಲಿ ಪ್ರಕಟಿಸಿದರು. ಇಂದು ಗ್ರಂಥಾಲಯಗಳು ಅನುಸರಿಸುವ ಕ್ರಮಗಳಿಗೆ ಬಹುಮಟ್ಟಿಗೆ ಆ ಅನುಭವವೇ ತಳಹದಿ.

ಈ ಕ್ರಮಗಳಲ್ಲಿ ಮೊದಲನೆಯದು ಪುಸ್ತಕಕ್ಕೆ ಸಂಬಂಧಿಸಿದ್ದಲ್ಲ, ಮನುಷ್ಯನಿಗೆ ಸಂಬಂಧಿಸಿದ್ದು. ಎಷ್ಟೇ ಅಮೂಲ್ಯವಾದ ಗ್ರಂಥವಾದರೂ ಒಂದು ಜೀವಕ್ಕೆ ಸಮನಲ್ಲ. ನೀರು ನಿಂತ ಕಟ್ಟಡದೊಳಗೆ ವಿದ್ಯುತ್ತನ್ನು ನಿಲ್ಲಿಸುವ ಮೊದಲು ಯಾರೂ ಕಾಲಿಡಬಾರದು. ನೀರಿನಲ್ಲಿ ನಿಂತು ಸ್ವಿಚ್ಚನ್ನು ಮುಟ್ಟಬಾರದು. ವಿದ್ಯುತ್ ಕಂಪನಿಯವರನ್ನು ಕರೆಸಿ ಹೊರಗಿನಿಂದಲೇ ಸಂಪರ್ಕ ತಪ್ಪಿಸಬೇಕು. ಗೋಡೆ, ಛಾವಣಿಗಳು ಗಟ್ಟಿಯಾಗಿವೆಯೆಂದು ತಿಳಿದವರು ನೋಡಿ ಹೇಳಬೇಕು. ಪ್ರವಾಹದ ನೀರಿನಲ್ಲಿ ಚರಂಡಿಯ ಹೊಲಸೂ ಹಾವು ಚೇಳುಗಳೂ ಇರಬಹುದಾದ್ದರಿಂದ ಗಟ್ಟಿಯಾದ ಪಾದರಕ್ಷೆ, ಕೈಗವಸುಗಳು ಅವಶ್ಯ. ವಿದ್ಯಾರ್ಥಿಗಳು ಹಿರಿಯರ ಅಪ್ಪಣೆಯಿಲ್ಲದೆ ಒಳಹೋಗಲೇಕೂಡದು.

ಎರಡನೆಯದು, ಕೈ ಹಾಕುವ ಮೊದಲು ಕಣ್ಣು ಹಾಯಿಸುವುದು. ಎಲ್ಲೆಲ್ಲಿ ಎಷ್ಟು ನೀರು ತಗುಲಿದೆ, ಯಾವುದು ಪೂರ್ತಿ ನೆನೆದಿದೆ, ಯಾವುದು ಅಂಚು ಮಾತ್ರ ತೊಯ್ದಿದೆ, ಯಾವುದು ಒಣಗಿಯೇ ಇದೆ ಎಂಬುದನ್ನು ಬರೆದುಕೊಳ್ಳಬೇಕು, ಛಾಯಾಚಿತ್ರಗಳನ್ನೂ ತೆಗೆದಿಡಬೇಕು. ಬಳಿಕ ಆಯ್ಕೆ. ಎಲ್ಲವನ್ನೂ ಒಟ್ಟಿಗೆ ಉಳಿಸಲು ಹೊರಟರೆ ಯಾವುದೂ ಉಳಿಯದಿರಬಹುದು. ಆದುದರಿಂದ ವಸ್ತುಗಳನ್ನು ಮೂರು ಗುಂಪುಗಳಾಗಿ ಎಣಿಸುತ್ತಾರೆ. ಬೇರೆಲ್ಲಿಯೂ ದೊರೆಯದವು ಮೊದಲನೆಯ ಗುಂಪು. ದೊರೆತರೂ ಕಷ್ಟದಿಂದ ದೊರೆಯುವ ಹಳೆಯ ಮುದ್ರಣಗಳು, ನಿಂತುಹೋದ ಪತ್ರಿಕೆಗಳ ಸಂಪುಟಗಳು ಎರಡನೆಯ ಗುಂಪು. ಇಂದೇ ಅಂಗಡಿಯಲ್ಲಿ ಕೊಳ್ಳಬಹುದಾದ ಪುಸ್ತಕಗಳು ಮೂರನೆಯ ಗುಂಪು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಚಿನ್ನದ ಅಕ್ಷರದ ರಟ್ಟಿನ ದೊಡ್ಡ ವಿಶ್ವಕೋಶವು ನೋಡಲು ಭವ್ಯವಾಗಿದ್ದರೂ ಮೂರನೆಯ ಗುಂಪಿಗೆ ಸೇರಬಹುದು. ಯಾರೂ ತಿರುಗಿ ನೋಡದ, ಮಾಸಿದ ಗ್ರಂಥದಾಖಲೆಯ ಪುಸ್ತಕ, ಶಾಲೆಯ ಹಳೆಯ ಪ್ರವೇಶಪಟ್ಟಿ, ಊರಿನವರೊಬ್ಬರು ಬರೆದುಕೊಟ್ಟ ಹಸ್ತಪ್ರತಿ ಇವು ಮೊದಲನೆಯ ಗುಂಪಿಗೆ ಸೇರುತ್ತವೆ. ಬೆಲೆಯನ್ನು ರಟ್ಟಿನಿಂದ ಅಳೆಯಬಾರದು. ಮತ್ತೆ ಸಿಗುವುದೋ ಇಲ್ಲವೋ ಎಂಬುದರಿಂದ ಅಳೆಯಬೇಕು.

ಮೂರನೆಯದು, ಎತ್ತುವ ಕ್ರಮ. ನೆನೆದ ಪುಸ್ತಕವು ನೆನೆದ ಹಪ್ಪಳದಂತೆ. ಹಿಡಿದೆಳೆದರೆ ಕೈಗೆ ಬರುವುದು ತುಣುಕು ಮಾತ್ರ. ನಡೆದಾಡುವ ದಾರಿಯಲ್ಲಿ ಬಿದ್ದವನ್ನು ಮೊದಲು ತೆಗೆದು ದಾರಿ ಮಾಡಿಕೊಳ್ಳಬೇಕು. ಪ್ರತಿಯೊಂದು ಪುಸ್ತಕವನ್ನೂ ಅಡಿಯಲ್ಲಿ ಅಂಗೈಯಿಟ್ಟು ಎತ್ತಬೇಕು. ತೆರೆದ ಪುಸ್ತಕವನ್ನು ಮುಚ್ಚಬಾರದು. ಮುಚ್ಚಿದ ಪುಸ್ತಕವನ್ನು ತೆರೆಯಬಾರದು. ಅಂಟಿದ ಹಾಳೆಗಳನ್ನು ಬಿಡಿಸಬಾರದು. ನೀರು ಹಿಂಡಲೆಂದು ಒತ್ತಬಾರದು. ಕೆಸರು ಮೆತ್ತಿದ ಅಚ್ಚಿನ ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು ಶುದ್ಧವಾದ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಬಹುದು, ಉಜ್ಜಬಾರದು. ಕೈಬರಹದ ಕಡತಗಳನ್ನೂ, ನೀರಿಗೆ ಕರಗುವ ಶಾಯಿ ಅಥವಾ ಬಣ್ಣವುಳ್ಳ ಹಾಳೆಗಳನ್ನೂ ತೊಳೆಯಲೇಬಾರದು. ಸಾಗಿಸುವಾಗ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ, ಬೆನ್ನು ಕೆಳಗಾಗಿ, ಒಂದೇ ಸಾಲಿನಲ್ಲಿ ಜೋಡಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಮೇಲಿನ ಭಾರಕ್ಕೆ ಕೆಳಗಿನವು ನಜ್ಜುಗುಜ್ಜಾಗುತ್ತವೆ. ಪ್ರತಿಯೊಂದು ಪೆಟ್ಟಿಗೆಗೂ ಅದು ಯಾವ ಕಪಾಟಿನಿಂದ ಬಂದುದೆಂಬ ಗುರುತನ್ನು ಹಚ್ಚಬೇಕು.

ನಾಲ್ಕನೆಯದು, ಒಣಗಿಸುವುದು. ನೆನೆದುದನ್ನು ಬಿಸಿಲಿಗೆ ಹಾಕುವುದು ನಮ್ಮ ವಾಡಿಕೆ. ಗ್ರಂಥಗಳ ವಿಷಯದಲ್ಲಿ ಈ ವಾಡಿಕೆ ಹಾನಿಕರ. ಚನ್ನಪಟ್ಟಣದ ಬೊಂಬೆಯ ಕೆಲಸಗಾರರು ಹಾಲೆ ಮರವನ್ನು ಕಡಿದ ಕೂಡಲೇ ಕಡಸಲು ಹಿಡಿಯುವುದಿಲ್ಲ. ಮರವು ಹದವಾಗಿ ಒಣಗುವವರೆಗೆ ಕಾಯುತ್ತಾರೆ. ಅವಸರದಿಂದ ಒಣಗಿದ ಮರ ಸೀಳು ಬಿಡುತ್ತದೆ. ಕಾಗದವೂ ಮರದ ನಾರಿನದೇ. ಕಡುಬಿಸಿಲಿನಲ್ಲಿ ಅದು ಸೊಟ್ಟಗಾಗಿ, ಸುಕ್ಕುಗಟ್ಟಿ, ಬಣ್ಣಗೆಟ್ಟು ಪೆಡಸಾಗುತ್ತದೆ, ರಟ್ಟು ಡೊಂಕಾಗುತ್ತದೆ. ಆದುದರಿಂದ ನೆರಳು ಮತ್ತು ಗಾಳಿಯಾಟ ಇವೆರಡೇ ಸರಿಯಾದ ಸಾಧನಗಳು. ಕಿಟಕಿ ಬಾಗಿಲುಗಳನ್ನು ತೆರೆದು, ವಿದ್ಯುತ್ ಸುರಕ್ಷಿತವೆಂದು ಖಚಿತವಾದ ಬಳಿಕ ಪಂಖಗಳನ್ನು ಹಾಕಿ, ಗಾಳಿಯು ನೇರವಾಗಿ ಪುಸ್ತಕದ ಮೇಲೆ ಬೀಸದೆ ಕೋಣೆಯೊಳಗೆ ಸುತ್ತುವಂತೆ ಮಾಡಬೇಕು.

ಪೂರ್ತಿ ನೆನೆದ ಪುಸ್ತಕವನ್ನು ಹೀರುವ ಕಾಗದದ ಮೇಲೆ ಮುಚ್ಚಿದಂತೆಯೇ ನಿಲ್ಲಿಸಿ ನೀರು ಇಳಿಯಲು ಬಿಡಬೇಕು. ತುಸು ಒಣಗಿ ಹಾಳೆಗಳು ತಾವಾಗಿ ಬಿಡತೊಡಗಿದಾಗ, ಸುಮಾರು 20 ಹಾಳೆಗಳಿಗೊಂದರಂತೆ ಬ್ಲಾಟಿಂಗ್ ಕಾಗದವನ್ನಾಗಲಿ ಅಚ್ಚಾಗದ ಪತ್ರಿಕಾ ಕಾಗದವನ್ನಾಗಲಿ ನಡುವೆ ಇಡಬೇಕು. ಹಾಗೆ ಇಟ್ಟ ಕಾಗದ ಹೆಚ್ಚಾದರೆ ಪುಸ್ತಕದ ಬೆನ್ನು ಒಡೆಯುತ್ತದೆ. ಪುಸ್ತಕದ ದಪ್ಪವು ಕಾಲು ಭಾಗಕ್ಕಿಂತ ಹೆಚ್ಚಾಗಬಾರದು. ಅಚ್ಚಾದ ಪತ್ರಿಕೆಗಳನ್ನು ಬಳಸಿದರೆ ಅವುಗಳ ಮಸಿಯು ಪುಸ್ತಕಕ್ಕೆ ಹತ್ತುತ್ತದೆ. ನೆನೆದ ಕಾಗದವನ್ನು ಕೂಡಲೇ ತೆಗೆದು ಬೇರೆಯದನ್ನು ಇಡುತ್ತಿರಬೇಕು. ತೆಗೆದುದನ್ನು ಕೋಣೆಯಿಂದ ಹೊರಗೆ ಒಯ್ಯಬೇಕು. ಅಂಚು ಮಾತ್ರ ತೊಯ್ದ ಪುಸ್ತಕಗಳನ್ನು ಹಾಳೆಗಳು ಬೀಸಣಿಗೆಯಂತೆ ಬಿರಿಯುವಂತೆ ನಿಲ್ಲಿಸಿದರೆ ಸಾಕು. ತೆಳುವಾದ ಪುಸ್ತಿಕೆಗಳನ್ನು ದಾರದ ಮೇಲೆ ಬಟ್ಟೆಯಂತೆ ಹರವಬಹುದು. ಆರ್ಟ್ ಕಾಗದದ ಪುಸ್ತಕಗಳಿಗೆ ಆದ್ಯತೆ ಕೊಟ್ಟು, ಒಂದೊಂದು ಹಾಳೆಯ ನಡುವೆಯೂ ಮೇಣದ ಕಾಗದವನ್ನಿಟ್ಟು ಒಣಗಿಸಬೇಕು. ಕೈ ಮುಟ್ಟಿದಾಗ ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆಯೆಂದೇ ತಿಳಿಯಬೇಕು. ಪೂರ್ತಿ ಒಣಗಿದ ಮೇಲೆಯೇ ಹಿತವಾದ ಭಾರವನ್ನಿಟ್ಟು ಸೊಟ್ಟನ್ನು ತಿದ್ದಬೇಕು.

ನೆನೆದ ಪುಸ್ತಕಗಳು ನೂರಿನ್ನೂರಾದರೆ ಹೀಗೆ ಒಣಗಿಸಬಹುದು. ಸಾವಿರಗಟ್ಟಲೆಯಾದರೆ ಎರಡು ದಿನಗಳಲ್ಲಿ ಒಣಗಿಸುವುದು ಅಸಾಧ್ಯ. ಆಗ ಕಾಲವನ್ನೇ ತಡೆದು ನಿಲ್ಲಿಸುವ ಉಪಾಯವೊಂದಿದೆ. ಅದು ಹೆಪ್ಪುಗಟ್ಟಿಸುವುದು. ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿ, ಮೀನು ಇಲ್ಲವೆ ಐಸ್‌ಕ್ರೀಮನ್ನು ಇಡುವಂಥ ಶೀತಲಗೃಹದಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿಟ್ಟರೆ ಬೂಷ್ಟು ಸಾಯದಿದ್ದರೂ ಬೆಳೆಯದೆ ನಿಲ್ಲುತ್ತದೆ, ಶಾಯಿ ಹರಡುವುದಿಲ್ಲ, ಹಾಳೆಗಳು ಬೆಸೆಯುವುದಿಲ್ಲ. ಬಿಡುವಾದಂತೆ ಸ್ವಲ್ಪ ಸ್ವಲ್ಪವನ್ನೇ ಹೊರತಂದು ಒಣಗಿಸಬಹುದು. ಇನ್ನೂ ಉತ್ತಮವಾದ ಕ್ರಮವೆಂದರೆ, ಹೆಪ್ಪುಗಟ್ಟಿದ ಪುಸ್ತಕಗಳನ್ನು ಗಾಳಿಯನ್ನು ತೆಗೆದ ಕೋಣೆಯಲ್ಲಿಡುವುದು. ಕರ್ಪೂರವು ಕರಗಿ ನೀರಾಗದೆ ನೇರವಾಗಿ ಆವಿಯಾಗುವಂತೆ, ಅಲ್ಲಿ ಪುಸ್ತಕದೊಳಗಿನ ಮಂಜುಗಡ್ಡೆಯು ನೀರಾಗದೆಯೇ ಆವಿಯಾಗಿ ಹೊರಟುಹೋಗುತ್ತದೆ. ಎರಡನೆಯ ಬಾರಿ ನೆನೆಯುವ ಕಷ್ಟ ಪುಸ್ತಕಕ್ಕೆ ತಪ್ಪುತ್ತದೆ.

ಗ್ರಂಥಾಲಯದಲ್ಲಿರುವುದೆಲ್ಲ ಪುಸ್ತಕಗಳೇ ಅಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ, 1994ರಲ್ಲಿ ಆರಂಭವಾದ ಜಾನಪದ ಲೋಕವನ್ನು ನೋಡಿದವರಿಗೆ ಇದು ತಿಳಿದಿದೆ. ಅಕ್ಷರ ಕಲಿಯದ ಹಾಡುಗಾರರ ಬಾಯಿಂದ ಕೇಳಿದ ಪದಗಳನ್ನು ಉಳಿಸಿಕೊಳ್ಳಬೇಕಾದರೆ ಧ್ವನಿಮುದ್ರಣದ ಸುರುಳಿಗಳೇ ಗತಿ. ಹಾಡಿದವರು ಇಂದು ಇಲ್ಲದಿದ್ದಾಗ ಆ ಸುರುಳಿಯೇ ಅವರ ಕಂಠ. ಇಂಥ ಸುರುಳಿಗಳು ನೆನೆದರೆ ಶುದ್ಧವಾದ ನೀರಿನಲ್ಲಿ ಕೆಸರು ತೊಳೆದು, ತಂಪಾದ ಗಾಳಿಯಲ್ಲಿ ಒಣಗಿಸಿ, ತಜ್ಞರ ಕೈಗೆ ಒಪ್ಪಿಸಬೇಕು. ಕೆಟ್ಟಿದೆಯೋ ಇಲ್ಲವೋ ನೋಡೋಣವೆಂದು ಯಂತ್ರಕ್ಕೆ ಹಾಕಬಾರದು. ನೆನೆದ ಕಂಪ್ಯೂಟರನ್ನು ಚಾಲೂ ಮಾಡಬಾರದೆಂಬ ನಿಯಮವೂ ಇಂಥದೇ. ಛಾಯಾಚಿತ್ರಗಳ ಚಿತ್ರವಿರುವ ಮುಖವನ್ನು ಬೆರಳಿನಿಂದ ಮುಟ್ಟದೆ, ಒಂದಕ್ಕೊಂದು ಅಂಟುವ ಮೊದಲೇ ತಣ್ಣೀರಿನಲ್ಲಿ ಬಿಡಿಸಿ, ಮುಖ ಮೇಲಾಗಿ ಒಣಗಿಸಬೇಕು. ತಾಳೆಗರಿಯ ವಿಷಯದಲ್ಲಿ ಒಂದು ಸಮಾಧಾನವುಂಟು. ಅಲ್ಲಿ ಅಕ್ಷರವನ್ನು ಕಂಟದಿಂದ ಕೊರೆದು ಮೇಲೆ ಮಸಿಯನ್ನು ಉಜ್ಜಿರುತ್ತಾರೆ. ನೀರಿಗೆ ಮಸಿ ತೊಳೆದುಹೋದರೂ ಕೊರೆದ ಗೆರೆ ಉಳಿಯುತ್ತದೆ. ನೆರಳಿನಲ್ಲಿ ಒಣಗಿಸಿದ ಮೇಲೆ ಬಲ್ಲವರು ಮತ್ತೆ ಮಸಿ ಉಜ್ಜಿ ಓದಬಲ್ಲರು.

ಬೆಂಕಿಯ ಹಾವಳಿಯು ಇದಕ್ಕಿಂತ ಬೇರೆಯೆಂದು ತೋರಬಹುದು. ಸುಟ್ಟು ಬೂದಿಯಾದುದನ್ನು ಉಳಿಸುವ ವಿದ್ಯೆ ಯಾರಲ್ಲಿಯೂ ಇಲ್ಲವೆಂಬುದೇನೋ ನಿಜ. ಮೈಸೂರಿನ ರಾಜೀವನಗರದಲ್ಲಿ ದುಡಿಮೆಗಾರರೊಬ್ಬರು ತಮ್ಮ ಗಳಿಕೆಯಿಂದಲೇ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯವು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾದಾಗ ಸುಮಾರು 11,000 ಪುಸ್ತಕಗಳು ಸುಟ್ಟುಹೋದುವೆಂದು ವರದಿಯಾಯಿತು. ಆದರೆ ದೊಡ್ಡ ಗ್ರಂಥಾಲಯಗಳ ಬೆಂಕಿಯಲ್ಲಿ ಉರಿಗಿಂತ ಉರಿಯನ್ನು ಆರಿಸಲು ಸುರಿದ ನೀರೇ ಹೆಚ್ಚು ಗ್ರಂಥಗಳನ್ನು ಮುಟ್ಟುತ್ತದೆ. 1988ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟವು ಸುಮಾರು 4 ಲಕ್ಷ. ನೀರಿನಲ್ಲಿ ನೆನೆದವು ಸುಮಾರು 36 ಲಕ್ಷ! ಆಗ ನಗರದ ನಾಗರಿಕರು ನೆನೆದ ಪುಸ್ತಕಗಳನ್ನು ತಮ್ಮ ತಮ್ಮ ಮನೆಗಳಿಗೆ ಒಯ್ದು, ಒಣಗಿಸಿ, ಜೋಪಾನವಾಗಿ ಹಿಂದಿರುಗಿಸಿದರು. ಗ್ರಂಥಾಲಯವು ತಮ್ಮದೆಂಬ ಭಾವನೆ ಜನರಲ್ಲಿದ್ದರೆ ಆಪತ್ತಿನಲ್ಲಿ ಅದಕ್ಕೆ ಸಾವಿರ ಕೈಗಳು ಮೂಡುತ್ತವೆ.

ಆಪತ್ತು ಬಂದ ಮೇಲೆ ಮಾಡುವ ಉಪಾಯಗಳಿವಾದರೆ, ಬರುವ ಮೊದಲು ಮಾಡಿಕೊಳ್ಳುವ ಸಿದ್ಧತೆಯು ಇವುಗಳಿಗಿಂತ ಅಗ್ಗವಾದುದು, ಸುಲಭವಾದುದು. ಕಪಾಟುಗಳ ಕೆಳಗಿನ ಹಲಗೆಯು ನೆಲದಿಂದ ಒಂದು ಗೇಣಿನಷ್ಟಾದರೂ ಮೇಲಿರಬೇಕು. ಕಪಾಟಿಗೂ ಗೋಡೆಗೂ ನಡುವೆ ಗಾಳಿಯಾಡುವಷ್ಟು ಅಂತರವಿರಬೇಕು. ಬೆಲೆಯುಳ್ಳ ವಸ್ತುಗಳನ್ನು ನೆಲಮಾಳಿಗೆಯಲ್ಲಾಗಲಿ, ನೀರಿನ ಕೊಳವೆಯ ಕೆಳಗಾಗಲಿ ಇಡಬಾರದು. ಹಳೆಯ ಮನೆಗಳಲ್ಲಿ ಓಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದುದರಲ್ಲಿ ಈ ಬುದ್ಧಿವಂತಿಕೆಯೂ ಅಡಗಿತ್ತು. ಹಳೆಯ ವಿದ್ಯುತ್ ತಂತಿಗಳನ್ನು ಬದಲಿಸುವುದು, ಬೆಂಕಿ ಆರಿಸುವ ಸಾಧನವನ್ನು ಇಡುವುದು, ಇಟ್ಟದ್ದು ಕೆಲಸ ಮಾಡುತ್ತದೆಯೇ ಎಂದು ವರ್ಷವರ್ಷವೂ ಪರೀಕ್ಷಿಸುವುದು ಕೂಡ ಈ ಸಿದ್ಧತೆಗೆ ಸೇರಿದುವು.

ಪ್ರತಿಯೊಂದು ಗ್ರಂಥಾಲಯದಲ್ಲಿಯೂ ಒಂದೆರಡು ಪುಟಗಳ ಲಿಖಿತ ಯೋಜನೆಯಿರಬೇಕು. ವಿದ್ಯುತ್ತಿನ ಮುಖ್ಯ ಸ್ವಿಚ್ಚು ಎಲ್ಲಿದೆ, ನೀರಿನ ಕೊಳವೆಯನ್ನು ಎಲ್ಲಿ ನಿಲ್ಲಿಸಬೇಕು, ಬೀಗದ ಕೈ ಯಾರ ಬಳಿ ಇದೆ, ರಾತ್ರಿಯ ಹೊತ್ತು ಯಾರನ್ನು ಕರೆಯಬೇಕು, ಮೊದಲು ಹೊರತರಬೇಕಾದ ಹತ್ತು ವಸ್ತುಗಳು ಯಾವುವು, ಅವು ಯಾವ ಕಪಾಟಿನಲ್ಲಿವೆ ಎಂಬುದು ಅದರಲ್ಲಿರಬೇಕು. ಅದರ ಒಂದು ಪ್ರತಿಯು ಗ್ರಂಥಾಲಯದ ಹೊರಗೆ ಇರಬೇಕು; ಏಕೆಂದರೆ ಮುಳುಗಿದ ಕೋಣೆಯೊಳಗಿನ ಯೋಜನೆಯು ಕೋಣೆಯೊಡನೆಯೇ ಮುಳುಗುತ್ತದೆ. ಪ್ಲಾಸ್ಟಿಕ್ ಹೊದಿಕೆ, ಬಕೆಟ್ಟು, ಟಾರ್ಚು, ಕೈಗವಸು, ಮೂಗುಮುಚ್ಚುವ ಬಟ್ಟೆ, ಹೀರುವ ಕಾಗದ, ದಾರ, ಪೆನ್ಸಿಲು ಇವುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಿದ್ಧವಾಗಿಟ್ಟುಕೊಳ್ಳಲು ಹೆಚ್ಚು ಹಣವೇನೂ ಬೇಕಿಲ್ಲ. ಒಂದೇ ಪ್ರತಿಯಿರುವ ದಾಖಲೆಗಳ ಛಾಯಾಪ್ರತಿಯನ್ನೋ ಗಣಕಪ್ರತಿಯನ್ನೋ ತೆಗೆದು ಬೇರೊಂದು ಊರಿನಲ್ಲಿ ಇಡುವುದು ಎಲ್ಲಕ್ಕಿಂತ ದೊಡ್ಡ ವಿಮೆ.

ಮಾಗಡಿ, ಕನಕಪುರಗಳ ಸೀಮೆಯಲ್ಲಿ ಮುಂಗಾರು ಹಗುರವಾಗಿ ಬಂದು, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಬಲವಾಗುವುದು ವಾಡಿಕೆ. ಆದುದರಿಂದ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ತಾರಸಿ, ಕೊಳವೆ, ಕಿಟಕಿಗಳನ್ನು ಪರೀಕ್ಷಿಸುವುದು ಮೇಲು. ನವರಾತ್ರಿಯಲ್ಲಿ ಸರಸ್ವತೀ ಪೂಜೆಗೆಂದು ಪುಸ್ತಕಗಳನ್ನು ಹೊರತೆಗೆದು ದೂಳು ಕೊಡವುವ ಸಂಪ್ರದಾಯವು ನಮ್ಮಲ್ಲಿದೆ. ಅಂದು ಪುಸ್ತಕಗಳಿಗೆ ಹೂವು ಏರಿಸುವುದರ ಜೊತೆಗೆ ಕಪಾಟಿನ ಹಿಂಬದಿಯ ಗೋಡೆಯಲ್ಲಿ ತೇವವಿದೆಯೇ ಎಂದು ಕೈಯಿಟ್ಟು ನೋಡಿದರೆ ಪೂಜೆಯು ಹೆಚ್ಚು ಸಾರ್ಥಕವಾದೀತು.

ಗ್ರಾಮ ಪಂಚಾಯಿತಿಯ ಒಂದು ಕೋಣೆಯ ಗ್ರಂಥಾಲಯದಲ್ಲಿ ಅರ್ಥಶಾಸ್ತ್ರದಂಥ ಹಸ್ತಪ್ರತಿಯಿಲ್ಲದಿರಬಹುದು. ಆದರೆ ಊರಿನ ಶಾಲೆಯಲ್ಲಿ ಮೊದಲು ಅಕ್ಷರ ಕಲಿತವರ ಹೆಸರುಗಳು, ಕೆರೆಯ ಏರಿಯನ್ನು ದುರಸ್ತಿ ಮಾಡಿದ ವರ್ಷ, ಅಜ್ಜಿಯೊಬ್ಬಳು ಹಾಡಿದ ರಾಗಿ ಬೀಸುವ ಪದ ಇವು ಆ ಊರಿನಲ್ಲಲ್ಲದೆ ಜಗತ್ತಿನ ಯಾವ ದೊಡ್ಡ ಗ್ರಂಥಾಲಯದಲ್ಲಿಯೂ ದೊರೆಯವು. ಅವು ಅಳಿದರೆ ಫ್ಲಾರೆನ್ಸಿಗೆ ಧಾವಿಸಿದಂತೆ ಹೊರಗಿನಿಂದ ಯಾರೂ ಧಾವಿಸಿ ಬರುವುದಿಲ್ಲ. ಅವುಗಳನ್ನು ಉಳಿಸಬೇಕಾದವರು ಆ ಊರಿನವರೇ. ನಾಳೆ ಆ ಊರಿನ ಹಿರಿಯರಾಗುವ ಇಂದಿನ ವಿದ್ಯಾರ್ಥಿಗಳೇ.